ಬೆಳಕು, ಗುಳ್ಳೆ ಮತ್ತು ಸ್ಫಟಿಕದ ಹುಟ್ಟು

೧. ಪೀಠಿಕೆ

ಪ್ರಯೋಗಶಾಲೆಯಲ್ಲಿ ಹೈಪೋ ಲವಣದ ಹರಳುಗಳನ್ನು ಕಾಯಿಸಿ ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಸುಮಾರು ೪೮ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಆ ಹರಳುಗಳು ತಮ್ಮೊಳಗೆ ಅಡಗಿರುವ ನೀರಿನಲ್ಲಿಯೇ ಕರಗಿ ತಿಳಿಯಾದ ದ್ರವವಾಗುವುವು. ಈ ದ್ರವವನ್ನು ಶುಚಿಯಾದ ಪ್ರನಾಳದಲ್ಲಿ ತುಂಬಿ, ಬಾಯಿಗೆ ಹತ್ತಿಯನ್ನಿಟ್ಟು, ಅಲುಗಿಸದೆ ಆರಲು ಬಿಟ್ಟರೆ ಅದು ಕೊಠಡಿಯ ಉಷ್ಣತೆಗೆ ಇಳಿದ ಮೇಲೆಯೂ ದ್ರವವಾಗಿಯೇ ಉಳಿಯುವುದು. ಹತ್ತಿಯನ್ನು ತೆಗೆದು ಹೈಪೋವಿನ ಒಂದೇ ಒಂದು ಕಣವನ್ನು ಒಳಗೆ ಹಾಕಿದರೆ ಸಾಕು. ಆ ಕಣದಿಂದ ಹೊರಟ ಹರಳುಗಳು ಕ್ಷಣಮಾತ್ರದಲ್ಲಿ ಪ್ರನಾಳವನ್ನೆಲ್ಲ ವ್ಯಾಪಿಸುವುವು, ಹಿಡಿದ ಕೈಗೆ ಬಿಸಿಯೂ ತಾಗುವುದು.

ಇದೇ ದ್ರವವನ್ನು ಎರಡು ಪ್ರನಾಳಗಳಲ್ಲಿ ಸಮನಾಗಿ ತುಂಬಿಟ್ಟರೆ, ಒಂದು ಅದೇ ಸಂಜೆ ತಾನಾಗಿ ಗಟ್ಟಿಯಾಗಿರಬಹುದು, ಇನ್ನೊಂದು ವಾರ ಕಳೆದರೂ ತಿಳಿಯಾಗಿಯೇ ಇರಬಹುದು. ವಸ್ತು ಒಂದೇ, ಉಷ್ಣತೆ ಒಂದೇ, ಪಾತ್ರೆಯೂ ಒಂದೇ ಬಗೆಯದು. ಹಾಗಿದ್ದರೂ ಸ್ಫಟಿಕವು ಹುಟ್ಟುವ ಹೊತ್ತು ಮಾತ್ರ ನಮ್ಮ ಕೈಗೆ ಸಿಕ್ಕುವುದಿಲ್ಲ. ಹುಟ್ಟಿದ ಸ್ಫಟಿಕವು ಹೇಗೆ ಬೆಳೆಯುವುದೆಂಬುದನ್ನು ಶಾಸ್ತ್ರವು ಸಾಕಷ್ಟು ವಿವರಿಸಿದೆ. ಹುಟ್ಟನ್ನು ಅಷ್ಟಾಗಿ ವಿವರಿಸಿಲ್ಲ. ಕಳೆದ ಮೂರು ದಶಕಗಳಲ್ಲಿ ಲೇಸರ್ ಬೆಳಕಿನ ಒಂದು ಮಿಣುಕಿನಿಂದ ಈ ಹುಟ್ಟನ್ನು ಬೇಕಾದ ಹೊತ್ತಿನಲ್ಲಿ, ಬೇಕಾದ ಎಡೆಯಲ್ಲಿ ಉಂಟುಮಾಡುವ ಪ್ರಯತ್ನಗಳು ನಡೆದಿವೆ. ಅವುಗಳ ಫಲವೇನು, ಅವು ಎಬ್ಬಿಸಿದ ವಾದವೇನು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ನಿರೂಪಿಸಲು ಯತ್ನಿಸುತ್ತೇವೆ.

೨. ಹುಟ್ಟಿಗೆ ಇರುವ ಅಡ್ಡಿ

ನೀರು ಒಂದು ಗೊತ್ತಾದ ಉಷ್ಣತೆಯಲ್ಲಿ ಗೊತ್ತಾದಷ್ಟು ಲವಣವನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ನೂರು ಗ್ರಾಂ ನೀರು ೪೦ ಡಿಗ್ರಿಯಲ್ಲಿ ಸುಮಾರು ೪೦ ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಕರಗಿಸಿಕೊಂಡರೆ, ೨೦ ಡಿಗ್ರಿಯಲ್ಲಿ ಸುಮಾರು ೩೪ ಗ್ರಾಮನ್ನು ಮಾತ್ರ ಕರಗಿಸಿಕೊಳ್ಳುವುದು. ಇಷ್ಟನ್ನು ಹೊಂದಿದ ದ್ರಾವಣವು ಪರ್ಯಾಪ್ತ. ೪೦ ಡಿಗ್ರಿಯಲ್ಲಿ ಪರ್ಯಾಪ್ತವಾದ ದ್ರಾವಣವನ್ನು ಮೆಲ್ಲನೆ ೨೦ ಡಿಗ್ರಿಗೆ ಇಳಿಸಿದಾಗ ಹೆಚ್ಚಿನ ಆರು ಗ್ರಾಂ ಹೊರಬೀಳಬೇಕು. ಆದರೆ ಅದು ಕೂಡಲೆ ಹೊರಬೀಳದೆ ದ್ರಾವಣದಲ್ಲಿಯೇ ನಿಲ್ಲಬಹುದು. ಆಗ ಆ ದ್ರಾವಣವು ಅತಿಪರ್ಯಾಪ್ತವಾಯಿತೆಂದು ಹೇಳುತ್ತೇವೆ. ೧೮೯೭ರಲ್ಲಿ ಜರ್ಮನಿಯ ಓಸ್ಟ್‌ವಾಲ್ಡನು ಇಂಥ ದ್ರಾವಣಗಳನ್ನು ಪರಿಶೀಲಿಸಿ, ಬೀಜವಿಲ್ಲದೆ ಬಹುಕಾಲ ನಿಲ್ಲಬಲ್ಲ ಸ್ಥಿತಿಯನ್ನೂ ತಾನಾಗಿಯೇ ಹರಳುಗಟ್ಟುವ ಸ್ಥಿತಿಯನ್ನೂ ಬೇರ್ಪಡಿಸಿ ತೋರಿಸಿದನು.

ಹೊರಬೀಳಬೇಕಾದುದು ಏಕೆ ನಿಲ್ಲುವುದು? ಗಿಬ್ಸನ ವಿಚಾರಗಳನ್ನು ಆಧರಿಸಿ ೧೯೨೬ರಲ್ಲಿ ಫೋಲ್ಮರ್ ಮತ್ತು ವೆಬರ್ ಕೊಟ್ಟ ಉತ್ತರ ಹೀಗಿದೆ. ದ್ರಾವಣದಲ್ಲಿ ಅಲೆಯುವ ಕಣಗಳು ಆಗಾಗ ಒಂದನ್ನೊಂದು ಸಂಧಿಸಿ ಚಿಕ್ಕ ಗುಂಪುಗಳಾಗುವುವು. ಗುಂಪಿನ ಒಳಗಿರುವ ಕಣಗಳಿಗೆ ಅದರಿಂದ ಲಾಭ. ಆದರೆ ಗುಂಪಿಗೆ ಒಂದು ಹೊರಮೈ ಉಂಟಾದುದರಿಂದ ಅದಕ್ಕಾಗಿ ಶಕ್ತಿಯನ್ನು ತೆರಬೇಕಾಗುವುದು. ಲಾಭವು ಗಾತ್ರವನ್ನು, ಅಂದರೆ ತ್ರಿಜ್ಯದ ಘನವನ್ನು ಅನುಸರಿಸುವುದು. ನಷ್ಟವು ಮೇಲ್ಮೈಯನ್ನು, ಅಂದರೆ ತ್ರಿಜ್ಯದ ವರ್ಗವನ್ನು ಅನುಸರಿಸುವುದು. ಆದಕಾರಣ ಗುಂಪು ಚಿಕ್ಕದಾಗಿರುವಾಗ ನಷ್ಟವೇ ಮೇಲಾಗಿ ಅದು ಮರಳಿ ಕರಗುವುದು. ಒಂದು ನಿಯತ ಅಳತೆಯನ್ನು ದಾಟಿದ ಗುಂಪು ಮಾತ್ರ ಉಳಿದು ಬೆಳೆಯುವುದು. ಈ ಅಳತೆಯ ಗುಂಪನ್ನು ಸ್ಫಟಿಕಬೀಜವೆಂದೂ, ಅದು ಉಂಟಾಗುವ ಕ್ರಿಯೆಯನ್ನು ಬೀಜೋತ್ಪತ್ತಿಯೆಂದೂ ಕರೆಯೋಣ. ಅತಿಪರ್ಯಾಪ್ತತೆ ಹೆಚ್ಚಿದಷ್ಟೂ ಈ ಅಡ್ಡಿಯ ಎತ್ತರ ಕಡಿಮೆಯಾಗುವುದು. ಆದರೆ ಅದನ್ನು ದಾಟುವುದು ಆಕಸ್ಮಿಕವನ್ನು ಅವಲಂಬಿಸಿದ್ದು. ನಮ್ಮ ಎರಡು ಪ್ರನಾಳಗಳ ವ್ಯತ್ಯಾಸಕ್ಕೆ ಇದೇ ಕಾರಣ.

೩. ಇದರಿಂದ ಆಗಬೇಕಾದುದೇನು?

ಸಕ್ಕರೆ ಕಾರ್ಖಾನೆಯಲ್ಲಿ ಕುದಿಯುವ ಪಾಕಕ್ಕೆ ನುಣ್ಣಗೆ ಅರೆದ ಸಕ್ಕರೆಯನ್ನು ಬೀಜವಾಗಿ ಬಿಡುವ ಪದ್ಧತಿಯುಂಟು. ಬೀಜಗಳ ಸಂಖ್ಯೆಯು ಹಿಡಿತದಲ್ಲಿದ್ದರೆ ಹರಳುಗಳು ಒಂದೇ ಗಾತ್ರಕ್ಕೆ ಬರುವುವು. ಔಷಧಗಳ ವಿಷಯದಲ್ಲಿ ಪ್ರಶ್ನೆಯು ಇನ್ನೂ ಗಂಭೀರವಾದುದು. ಒಂದೇ ವಸ್ತುವಿನ ಅಣುಗಳು ಬೇರೆಬೇರೆ ರೀತಿಯಲ್ಲಿ ಜೋಡಣೆಗೊಂಡು ಬೇರೆಬೇರೆ ಸ್ಫಟಿಕಗಳಾಗಬಹುದು. ಇದಕ್ಕೆ ಬಹುರೂಪತೆಯೆಂದು ಹೆಸರು. ರೂಪ ಬೇರೆಯಾದರೆ ಕರಗುವ ಗುಣವೂ ಬೇರೆಯಾಗುವುದು. ಕರಗದ ಔಷಧವು ರೋಗಿಯ ರಕ್ತವನ್ನು ಸೇರಲಾರದು.

ಏಡ್ಸ್ ರೋಗಕ್ಕೆ ಕೊಡುವ ರಿಟೊನವಿರ್ ಎಂಬ ಔಷಧದ ಕಥೆಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ೧೯೯೬ರಲ್ಲಿ ಅದು ಬಳಕೆಗೆ ಬಂದಾಗ ಅದರ ಒಂದೇ ಸ್ಫಟಿಕರೂಪವು ತಿಳಿದಿದ್ದಿತು. ೧೯೯೮ರಲ್ಲಿ, ಯಾರೂ ನಿರೀಕ್ಷಿಸದೆ, ಅದಕ್ಕಿಂತ ಸ್ಥಿರವಾದ, ಬಹಳ ಕಡಿಮೆ ಕರಗುವ ಎರಡನೆಯ ರೂಪವೊಂದು ಕಾರ್ಖಾನೆಯಲ್ಲಿ ತಲೆದೋರಿತು. ಆ ಕ್ಯಾಪ್ಸ್ಯೂಲುಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡು ಔಷಧದ ಮಿಶ್ರಣವನ್ನೇ ಹೊಸದಾಗಿ ರೂಪಿಸಬೇಕಾಯಿತು. ಕಣ್ಣಿಗೆ ಕಾಣದ ಬೀಜವೊಂದು ಸಾವಿರಾರು ರೋಗಿಗಳ ಮದ್ದಿಗೆ ಅಡ್ಡ ಬಂದಿತು. ಬೀಜೋತ್ಪತ್ತಿಯನ್ನು ಅರಿಯುವುದು ಬರಿಯ ಕುತೂಹಲದ ಮಾತಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

೪. ನಿರೀಕ್ಷಿಸದ ಒಂದು ಪ್ರಯೋಗ

ಮೊದಲ ಲೇಸರ್ ಯಂತ್ರವು ಬೆಳಗಿದುದು ೧೯೬೦ರಲ್ಲಿ. ಬೆಳಕಿಗೂ ಸ್ಫಟಿಕದ ಹುಟ್ಟಿಗೂ ಇರುವ ವಿಚಿತ್ರವಾದ ಸಂಬಂಧವು ಅದರಿಂದ ಗೋಚರವಾಗಲು ಇನ್ನೂ ಮೂವತ್ತಾರು ವರ್ಷಗಳು ಬೇಕಾದುವು. ನ್ಯೂಯಾರ್ಕಿನಲ್ಲಿ ಗ್ಯಾರೆಟ್ಸ್, ಮೈಯರ್‌ಸನ್ ಮತ್ತು ಅವರ ಸಂಗಡಿಗರು ಯೂರಿಯಾದ ಅತಿಪರ್ಯಾಪ್ತ ದ್ರಾವಣದ ಮೂಲಕ ಲೇಸರ್ ಬೆಳಕನ್ನು ಹಾಯಿಸಿ ಬೇರೊಂದು ದೃಗ್ವಿಷಯವನ್ನು ಹುಡುಕುತ್ತಿದ್ದರು. ಬೆಳಕು ಹಾಯ್ದ ದ್ರಾವಣದಲ್ಲಿ ಹರಳುಗಳು ಕಾಣಿಸಿಕೊಂಡುವು. ಈ ಫಲಿತಾಂಶವು ೧೯೯೬ರಲ್ಲಿ ಪ್ರಕಟವಾಯಿತು.

ಅವರು ಬಳಸಿದುದು ೧೦೬೪ ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಬೆಳಕು. ಪ್ರತಿ ಮಿಣುಕೂ ಸುಮಾರು ಇಪ್ಪತ್ತು ನ್ಯಾನೊಸೆಕೆಂಡುಗಳಷ್ಟು ಕಾಲ ಮಾತ್ರ ಇರುವುದು. ನ್ಯಾನೊಸೆಕೆಂಡೆಂದರೆ ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಒಂದು. ಯೂರಿಯಾ ಈ ಬೆಳಕನ್ನು ಹೀರುವುದಿಲ್ಲ. ಆದುದರಿಂದ ಬೆಳಕು ಅಣುಗಳನ್ನು ಒಡೆದು ಹೊಸ ವಸ್ತುವನ್ನುಂಟುಮಾಡಿತೆಂದು ಹೇಳುವಂತಿರಲಿಲ್ಲ. ಬೆಳಕಿನಿಂದ ಹನಿಗಳು ಹುಟ್ಟುವುದನ್ನು ೧೮೬೯ರ ಸುಮಾರಿನಲ್ಲಿಯೇ ಟಿಂಡಾಲನು ಆವಿಗಳಲ್ಲಿ ಕಂಡಿದ್ದನು; ಆದರೆ ಅಲ್ಲಿ ಬೆಳಕು ರಾಸಾಯನಿಕ ಕ್ರಿಯೆಯನ್ನು ನಡೆಸಿದ್ದಿತು. ಇಲ್ಲಿ ಅದಿಲ್ಲ. ಇದಕ್ಕಿಂತಲೂ ಆಶ್ಚರ್ಯವೆಂದರೆ, ಮೊದಲು ಮೂಡಿದ ಸೂಜಿಯಾಕಾರದ ಹರಳುಗಳು ಬೆಳಕಿನ ವಿದ್ಯುತ್ ಕ್ಷೇತ್ರದ ದಿಕ್ಕಿಗೆ ಸಮಾಂತರವಾಗಿ ನಿಂತಿದ್ದುವು.

ಈ ಸಂಶೋಧಕರು ಕೊಟ್ಟ ವಿವರಣೆ ಇದು. ಬೆಳಕಿನ ವಿದ್ಯುತ್ ಕ್ಷೇತ್ರವು ಗುಂಪುಗೂಡಿದ ಅಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಅಸ್ತವ್ಯಸ್ತವಾದ ಗುಂಪನ್ನು ಕ್ರಮಬದ್ಧವಾದ ಬೀಜವಾಗುವಂತೆ ನೆರವಾಗುವುದು. ೨೦೦೨ರಲ್ಲಿ ಇದೇ ತಂಡದವರು ಗ್ಲೈಸೀನಿನ ದ್ರಾವಣವನ್ನು ಪರೀಕ್ಷಿಸಿ, ರೇಖೀಯವಾಗಿ ಧ್ರುವೀಕೃತವಾದ ಬೆಳಕಿನಿಂದ ಗ್ಯಾಮಾ ರೂಪವೂ, ವೃತ್ತೀಯವಾಗಿ ಧ್ರುವೀಕೃತವಾದ ಬೆಳಕಿನಿಂದ ಆಲ್ಫಾ ರೂಪವೂ ದೊರೆಯುವುವೆಂದು ವರದಿ ಮಾಡಿದರು. ಮೊದಲನೆಯ ಬೆಳಕು ಕಡ್ಡಿಯಂಥ ಗುಂಪುಗಳನ್ನೂ, ಎರಡನೆಯದು ತಟ್ಟೆಯಂಥ ಗುಂಪುಗಳನ್ನೂ ಸಾಲುಗೊಳಿಸುವುದೆಂದು ಅವರು ಊಹಿಸಿದರು. ಬೆಳಕಿನ ಬಗೆಯನ್ನು ಬದಲಿಸಿ ಸ್ಫಟಿಕದ ರೂಪವನ್ನೇ ಆರಿಸಿಕೊಳ್ಳಬಹುದೆಂದರೆ ಔಷಧಗಳನ್ನು ತಯಾರಿಸುವವರಿಗೆ ಅದಕ್ಕಿಂತ ಬೇರೆ ವರವೇನು ಬೇಕು?

೫. ಲೆಕ್ಕವು ಎತ್ತಿದ ಆಕ್ಷೇಪ

ಈ ಸುಂದರವಾದ ಊಹೆಯನ್ನು ಒಂದು ಸರಳವಾದ ಲೆಕ್ಕದಿಂದ ಒರೆಗೆ ಹಚ್ಚಬಹುದು. ವಾಚಕರು ಲೇಖನಿಯನ್ನು ಹಿಡಿದು ತಾವೇ ಮಾಡಿ ನೋಡುವಂಥದು ಇದು. ಚದರ ಸೆಂಟಿಮೀಟರಿಗೆ ಹತ್ತು ಕೋಟಿ ವಾಟ್ ತೀವ್ರತೆಯ ಬೆಳಕನ್ನು ತೆಗೆದುಕೊಂಡರೆ, ನೀರಿನೊಳಗೆ ಅದರ ವಿದ್ಯುತ್ ಕ್ಷೇತ್ರವು ಮೀಟರಿಗೆ ಸುಮಾರು ಎರಡೂವರೆ ಕೋಟಿ ವೋಲ್ಟ್ ಆಗುವುದು. ಕೇಳುವುದಕ್ಕೆ ಇದು ಬಹಳ ದೊಡ್ಡದು. ಆದರೆ ಇಂಥ ಕ್ಷೇತ್ರವು ಯೂರಿಯಾದಂಥ ಒಂದು ಚಿಕ್ಕ ಅಣುವಿಗೆ ಕೊಡಬಲ್ಲ ಶಕ್ತಿಯನ್ನು ಎಣಿಸಿದರೆ, ಕೊಠಡಿಯ ಉಷ್ಣತೆಯಲ್ಲಿ ಆ ಅಣುವಿಗೆ ಸಹಜವಾಗಿರುವ ಉಷ್ಣಶಕ್ತಿಯ ಹತ್ತಾರು ಸಾವಿರ ಭಾಗಗಳಲ್ಲಿ ಒಂದು ಭಾಗದಷ್ಟೇ ಅದು ಇರುವುದು. ಜಾತ್ರೆಯ ನೂಕುನುಗ್ಗಲಿನಲ್ಲಿ ಒಬ್ಬನನ್ನು ಬೀಸಣಿಗೆಯ ಗಾಳಿಯಿಂದ ತಿರುಗಿಸಲು ಹೊರಟಂತೆ ಇದು. ನೂರಾರು ಅಣುಗಳ ಗುಂಪಾದರೂ ಈ ಕೊರತೆಯು ತುಂಬುವುದಿಲ್ಲ.

ಪ್ರಯೋಗದ ಕಡೆಯಿಂದಲೂ ಸಂದೇಹಗಳು ಎದ್ದುವು. ೨೦೦೯ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಅಲೆಕ್ಸಾಂಡರ್ ಮತ್ತು ಕ್ಯಾಂಪ್ ಇವರು ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಒಂದೇ ಮಿಣುಕಿನಿಂದ ಒಂದೇ ಹರಳನ್ನು ಹುಟ್ಟಿಸಿ ತೋರಿಸಿದರು. ಅದೇ ವರ್ಷ ಎಡಿನ್‌ಬರೋದಿಂದಲೇ, ಅಗರೋಸ್ ಲೋಳೆಯಲ್ಲಿ ಬೇಕಾದ ಎಡೆಯಲ್ಲಿಯೇ ಹರಳುಗಳನ್ನು ಮೂಡಿಸಿದ ವರದಿಯೂ ಬಂದಿತು. ಈ ಲವಣದಲ್ಲಿ ತಿರುಗಿಸಿ ಸಾಲುಗೊಳಿಸಬೇಕಾದ ಉದ್ದನೆಯ ಅಣುಗಳೇ ಇಲ್ಲ. ಅದರ ಸ್ಫಟಿಕವು ಎಲ್ಲ ದಿಕ್ಕಿಗೂ ಸಮನಾದ ಘನಾಕೃತಿಯದು. ೨೦೧೧ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಕೇಂದ್ರದ ನಾಟ್ ಮತ್ತು ಸಂಗಡಿಗರು ಸ್ಫಟಿಕವನ್ನೇ ಬಿಟ್ಟು, ಇಂಗಾಲದ ಡೈಆಕ್ಸೈಡನ್ನು ಹೆಚ್ಚಾಗಿ ಕರಗಿಸಿಕೊಂಡ ನೀರಿನ ಮೇಲೆ, ಅಂದರೆ ನಾವು ಸೋಡಾ ಎನ್ನುವಂಥ ನೀರಿನ ಮೇಲೆ, ಇಂಥದೇ ಬೆಳಕನ್ನು ಬಿಟ್ಟರು. ಅಲ್ಲಿಯೂ ಗುಳ್ಳೆಗಳೆದ್ದುವು. ಸುತ್ತಣ ನೀರಿಗಿಂತ ವಿರಳವಾದ ಅನಿಲದ ಗುಳ್ಳೆಯನ್ನು ವಿದ್ಯುತ್ ಕ್ಷೇತ್ರವು ಪೋಷಿಸಲಾರದು. ಹಾಗಾದರೆ ಸ್ಫಟಿಕಕ್ಕೂ ಗುಳ್ಳೆಗೂ ಸಮಾನವಾದ ಬೇರೊಂದು ಕಾರಣವಿರಬೇಕು.

೬. ದೂಳಿನ ಪಾತ್ರ

ಆ ಕಾರಣವು ದ್ರಾವಣದಲ್ಲಿರುವ ದೂಳೆಂದು ಈಗ ಬಹುಮಟ್ಟಿಗೆ ನಂಬಲಾಗಿದೆ. ಎಷ್ಟೇ ಶುದ್ಧವಾದ ಲವಣವನ್ನು ತಂದರೂ ಅದರಲ್ಲಿ ಕಣ್ಣಿಗೆ ಕಾಣದ ಅನ್ಯವಸ್ತುಗಳ ಕಣಗಳು ಇದ್ದೇ ಇರುವುವು. ದ್ರಾವಣವು ಬೆಳಕನ್ನು ಹೀರದಿದ್ದರೂ ಈ ಕಣಗಳು ಹೀರುವುವು. ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಅವು ಅತಿಯಾಗಿ ಕಾದು, ಸುತ್ತಲಿನ ನೀರು ಆವಿಯಾಗಿ, ಕಣವನ್ನು ಸುತ್ತುವರಿದ ಸೂಕ್ಷ್ಮವಾದ ಗುಳ್ಳೆಯೊಂದು ಎದ್ದು ಅಡಗುವುದು. ಆ ಗುಳ್ಳೆಯ ಅಂಚಿನಲ್ಲಿ ಸ್ಫಟಿಕಬೀಜವು ಉಂಟಾಗುವುದು.

ಇದಕ್ಕೆ ಆಧಾರಗಳುಂಟು. ದ್ರಾವಣವನ್ನು ಅತಿ ಸೂಕ್ಷ್ಮವಾದ ಶೋಧಕದಲ್ಲಿ ಸೋಸಿದರೆ ಲೇಸರಿನಿಂದ ಹರಳುಗಟ್ಟುವ ಮಾದರಿಗಳ ಸಂಖ್ಯೆಯು ಇಳಿಯುವುದು. ೨೦೧೬ರಲ್ಲಿ ಎಡಿನ್‌ಬರೋದವರು ಅಮೋನಿಯಂ ಕ್ಲೋರೈಡಿನಲ್ಲಿಯೂ, ಅದೇ ವರ್ಷ ಬೇರೆ ತಂಡದವರು ಗ್ಲೈಸೀನಿನಲ್ಲಿಯೂ ಇದನ್ನು ಕಂಡರು. ಸೋಸಿ ತೆಗೆದ ದ್ರಾವಣಕ್ಕೆ ಬೆಳಕನ್ನು ಹೀರುವ ಸೂಕ್ಷ್ಮ ಕಣಗಳನ್ನು ಬೇಕೆಂದೇ ಸೇರಿಸಿದರೆ ಹರಳುಗಟ್ಟುವ ಸಂಭವವು ಮತ್ತೆ ಏರುವುದು. ಬೆಳಕಿನ ತೀವ್ರತೆಯು ಒಂದು ಮಟ್ಟಕ್ಕಿಂತ ಕಡಿಮೆಯಿದ್ದರೆ ಎಷ್ಟು ಮಿಣುಕುಗಳನ್ನು ಬಿಟ್ಟರೂ ಫಲವಿಲ್ಲವೆಂಬುದೂ ಈ ವಿವರಣೆಗೆ ಹೊಂದುವುದು: ಕಣವು ಸಾಕಷ್ಟು ಕಾಯದಿದ್ದರೆ ನೀರು ಆವಿಯಾಗದು.

ಧ್ರುವೀಕರಣದ ಮಾತೇನಾಯಿತು? ೨೦೧೭ರಲ್ಲಿ ಎಡಿನ್‌ಬರೋದ ಸಂಶೋಧಕರು ಗ್ಲೈಸೀನಿನ ಪ್ರಯೋಗವನ್ನು ಮತ್ತೆ ಮಾಡಿದರು. ಲೇಸರ್, ಶ್ರವಣಾತೀತ ಶಬ್ದ, ಸೀಸೆಗೆ ಕೊಟ್ಟ ಪೆಟ್ಟು ಈ ಮೂರನ್ನೂ ಅವರು ಹೋಲಿಸಿ ನೋಡಿದರು. ಅತಿಪರ್ಯಾಪ್ತತೆಯು ಹೆಚ್ಚಿದಂತೆ ಮೂರರಲ್ಲಿಯೂ ಗ್ಯಾಮಾ ರೂಪವು ಹೆಚ್ಚಿತು. ಆದರೆ ಬೆಳಕಿನ ಧ್ರುವೀಕರಣವನ್ನು ಬದಲಿಸಿದ ಮಾತ್ರಕ್ಕೆ ಸ್ಫಟಿಕದ ರೂಪವು ಬದಲಾಗುವುದೆಂಬುದಕ್ಕೆ ಸಾಕ್ಷ್ಯವು ಸಿಕ್ಕಲಿಲ್ಲ. ಹೀಗೆ, ಹದಿನೈದು ವರ್ಷ ಆಸೆ ಹುಟ್ಟಿಸಿದ್ದ ವರವು ಕೈಜಾರಿತೆನ್ನಬೇಕು. ಆದರೆ ಅದರ ಬದಲು ಹೊಸದೊಂದು ತಿಳಿವು ದೊರೆಯಿತು. ಬೆಳಕು, ಶಬ್ದ, ಪೆಟ್ಟು ಇವು ಮೇಲ್ನೋಟಕ್ಕೆ ಬೇರೆಬೇರೆಯಾದರೂ ಮೂರೂ ಗುಳ್ಳೆಯ ಮೂಲಕವೇ ಕೆಲಸ ಮಾಡುತ್ತಿರಬಹುದು.

೭. ಗುಳ್ಳೆಯ ಅಂಚಿನಲ್ಲಿ ನಡೆಯುವುದೇನು?

ಗುಳ್ಳೆಯ ಪಾತ್ರವನ್ನು ನೇರವಾಗಿ ನೋಡಬೇಕೆಂದರೆ ಕಣ್ಣಿಗೆ ಕಾಣುವ ಗುಳ್ಳೆಯೇ ಬೇಕು. ಇದಕ್ಕಾಗಿ ಲೇಸರ್ ಬೆಳಕನ್ನು ಮಸೂರದಿಂದ ದ್ರಾವಣದೊಳಗಿನ ಒಂದು ಬಿಂದುವಿಗೆ ಕೂಡಿಸುವರು. ೨೦೧೧ರಲ್ಲಿ ಹಾಲೆಂಡಿನ ಸೋಅರೆ ಮತ್ತು ಸಂಗಡಿಗರು ಅಮೋನಿಯಂ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟುಗಳ ದ್ರಾವಣಗಳಲ್ಲಿ ಹೀಗೆ ಗುಳ್ಳೆಯನ್ನೆಬ್ಬಿಸಿ, ಅದರ ಹಿಂದೆಯೇ ಹರಳುಗಳು ಮೂಡುವುದನ್ನು ಅತಿವೇಗದ ಛಾಯಾಗ್ರಹಣದಿಂದ ದಾಖಲು ಮಾಡಿದರು. ೨೦೨೩ರಲ್ಲಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾನಿಲಯದ ನಾಗಲಿಂಗಂ ಮತ್ತು ಸಂಗಡಿಗರು ಛಾಯಾಗ್ರಹಣಕ್ಕೆ ಗಣನೆಯನ್ನೂ ಜೋಡಿಸಿ, ಗುಳ್ಳೆಯ ಅಂಚಿನಲ್ಲಿ ನಡೆಯುವ ವ್ಯಾಪಾರವನ್ನು ಬಿಡಿಸಿ ತೋರಿಸಿದರು.

ಇಂಥ ಗುಳ್ಳೆಯ ಆಯುಷ್ಯವೆಷ್ಟು? ೧೯೧೭ರಲ್ಲಿ ರ್ಯಾಲೆಯು ಕೊಟ್ಟ ಸೂತ್ರದಿಂದ ಇದನ್ನು ಅಂದಾಜು ಮಾಡಬಹುದು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತ್ರಿಜ್ಯಕ್ಕೆ ಹಿಗ್ಗಿದ ಗುಳ್ಳೆಯು ವಾಯುಮಂಡಲದ ಒತ್ತಡದಿಂದ ಕುಸಿಯಲು ಸುಮಾರು ಒಂಬತ್ತು ಮೈಕ್ರೊಸೆಕೆಂಡುಗಳು ಬೇಕು. ಹಿಗ್ಗುವ ಕಾಲವನ್ನೂ ಸೇರಿಸಿದರೆ ಅದರ ಬಾಳು ಇಪ್ಪತ್ತು ಮೈಕ್ರೊಸೆಕೆಂಡುಗಳಷ್ಟು.

ಈ ಅಲ್ಪಾವಧಿಯಲ್ಲಿ ಎರಡು ವಿರುದ್ಧವಾದ ಕ್ರಿಯೆಗಳು ನಡೆಯುವುವು. ಗುಳ್ಳೆಯ ಅಂಚಿನ ದ್ರಾವಣವು ಬಿಸಿಯಾಗಿರುವುದು. ಬಿಸಿಯಾದ ನೀರು ಹೆಚ್ಚು ಲವಣವನ್ನು ಕರಗಿಸಿಕೊಳ್ಳುವುದರಿಂದ ಅಲ್ಲಿ ಹರಳು ಹುಟ್ಟುವುದರ ಬದಲು ಇದ್ದುದೂ ಕರಗಬೇಕು. ಆದರೆ ಅದೇ ಅಂಚಿನಿಂದ ನೀರು ಆವಿಯಾಗಿ ಗುಳ್ಳೆಯೊಳಕ್ಕೆ ಹೋಗುವುದು. ಲವಣವು ಆವಿಯಾಗದೆ ಹಿಂದೆ ಉಳಿಯುವುದರಿಂದ ಅಲ್ಲಿ ಅದರ ಸಾಂದ್ರತೆ ಏರುವುದು. ಉಷ್ಣವು ಬೀಜಕ್ಕೆ ವಿರೋಧಿ, ಆವಿಯಾಗುವಿಕೆ ಅದಕ್ಕೆ ಮಿತ್ರ. ಹೀರಿಕೊಂಡ ಬೆಳಕಿನ ಶಕ್ತಿಯಲ್ಲಿ ಎಷ್ಟು ಪಾಲು ಗುಪ್ತೋಷ್ಣವಾಗಿ ನೀರನ್ನು ಆವಿ ಮಾಡಲು ಖರ್ಚಾಯಿತು, ಎಷ್ಟು ಪಾಲು ಬರಿಯ ಬಿಸಿಯಾಗಿ ಉಳಿಯಿತು ಎಂಬುದರ ಮೇಲೆ ಫಲವು ನಿಂತಿರುವುದು.

ಮಿತ್ರನು ಗೆಲ್ಲುವುದು ಹೇಗೆಂಬುದು ಮತ್ತೊಂದು ಲೆಕ್ಕದಿಂದ ತಿಳಿಯುವುದು. ನೀರಿನಲ್ಲಿ ಉಷ್ಣದ ವಿಸರಣಾಂಕವು ಸೆಕೆಂಡಿಗೆ ಸುಮಾರು ೦.೧೪ ಚದರ ಮಿಲಿಮೀಟರು. ಪೊಟ್ಯಾಸಿಯಂ ಕ್ಲೋರೈಡಿನ ವಿಸರಣಾಂಕವು ಸುಮಾರು ೦.೦೦೨ ಚದರ ಮಿಲಿಮೀಟರು. ಎಂದರೆ ಉಷ್ಣವು ಲವಣಕ್ಕಿಂತ ಎಪ್ಪತ್ತು ಪಾಲು ಸುಲಭವಾಗಿ ಹರಡುವುದು. ಗುಳ್ಳೆಯ ಇಪ್ಪತ್ತು ಮೈಕ್ರೊಸೆಕೆಂಡುಗಳ ಬಾಳಿನಲ್ಲಿ ಉಷ್ಣವು ಸುಮಾರು ೧.೭ ಮೈಕ್ರೊಮೀಟರು ದೂರ ಸಾಗಿದರೆ, ಲವಣವು ೦.೨ ಮೈಕ್ರೊಮೀಟರನ್ನು ಮಾತ್ರ ಸಾಗುವುದು. ಬಿಸಿಯು ಜಾರಿಹೋಗುವುದು; ಲವಣವು ತೆಳ್ಳನೆಯ ಪೊರೆಯಾಗಿ ಗುಳ್ಳೆಯ ಮೈಗೆ ಅಂಟಿಕೊಂಡು ನಿಲ್ಲುವುದು. ಆ ಪೊರೆಯಲ್ಲಿ ಒಂದು ಕ್ಷಣ ಅತಿಪರ್ಯಾಪ್ತತೆಯು ಉಳಿದ ದ್ರಾವಣದಲ್ಲಿರುವುದಕ್ಕಿಂತ ಬಹಳ ಮೇಲೇರಿ, ಬೀಜೋತ್ಪತ್ತಿಯ ಅಡ್ಡಿಯು ತಗ್ಗುವುದು. ಡೆಲ್ಫ್ಟಿನ ಪ್ರಯೋಗದಲ್ಲಿ ಹರಳುಗಳ ಸಂಖ್ಯೆಯೂ ಆಕಾರವೂ ಗಣನೆಯಿಂದ ಬಂದ ಈ ಶಿಖರದ ಸ್ವಭಾವವನ್ನು ಅನುಸರಿಸಿದುವು. ಬಿಸಿಲಿನಲ್ಲಿ ಉಪ್ಪಿನ ಗದ್ದೆಯ ನೀರು ಆರಿ ಹರಳಾಗುವ ಕಾರ್ಯವೇ ಇಲ್ಲಿ ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಸಾವಿರ ಪಾಲು ಕಡಿಮೆ ಹೊತ್ತಿನಲ್ಲಿ ನಡೆದುಹೋಗುವುದು.

ಇದಲ್ಲದೆ, ಗುಳ್ಳೆಯು ಕುಸಿಯುವಾಗ ಏಳುವ ಒತ್ತಡದ ಅಲೆಗಳೂ ಬೀಜೋತ್ಪತ್ತಿಗೆ ನೆರವಾಗಬಹುದೆಂದು ಹಲವರ ಮತ. ಒಂದೊಂದು ದ್ರಾವಣದಲ್ಲಿ ಆವಿಯಾಗುವಿಕೆಯ ಪಾಲೆಷ್ಟು, ಒತ್ತಡದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಮುಂದಿನ ಕೆಲಸ.

೮. ಉಪಯೋಗ ಮತ್ತು ಉಳಿದ ಪ್ರಶ್ನೆ

ಗುಳ್ಳೆಯ ಈ ವಿದ್ಯೆಯು ಲವಣಗಳಿಗೆ ಮಾತ್ರ ಸೀಮಿತವಲ್ಲ. ೨೦೦೩ರಲ್ಲಿ ಜಪಾನಿನ ಒಸಾಕಾದಲ್ಲಿ ಅಡಾಚಿ ಮತ್ತು ಸಂಗಡಿಗರು ಫೆಮ್ಟೊಸೆಕೆಂಡ್ ಲೇಸರಿನಿಂದ ಲೈಸೊಜೈಮ್ ಎಂಬ ಪ್ರೋಟೀನಿನ ಹರಳುಗಳನ್ನು ಪಡೆದರು. ಪ್ರೋಟೀನಿನ ಅಣುರಚನೆಯನ್ನು ಎಕ್ಸ್‌ಕಿರಣಗಳಿಂದ ತಿಳಿಯಬೇಕಾದರೆ ಮೊದಲು ಒಳ್ಳೆಯ ಹರಳು ಕೈಯಲ್ಲಿರಬೇಕು. ಎಷ್ಟೋ ಪ್ರೋಟೀನುಗಳು ತಿಂಗಳುಗಟ್ಟಲೆ ಕಾದರೂ ಹರಳುಗಟ್ಟವು. ಅಂಥವನ್ನು ಅಡ್ಡಿಯನ್ನು ದಾಟಿಸಲು ಒಂದು ಗುಳ್ಳೆಯು ನೆರವಾದರೆ ಜೀವರಸಾಯನಶಾಸ್ತ್ರಕ್ಕೆ ಅದು ದೊಡ್ಡ ಉಪಕಾರವಾಗುವುದು. ಹೊರಗಿನ ಬೀಜವನ್ನು ಹಾಕದೆ, ಕಡ್ಡಿಯಿಂದ ಕದಡದೆ, ಮುಚ್ಚಿದ ಸೀಸೆಯ ಹೊರಗಿನಿಂದಲೇ ಹುಟ್ಟಿನ ಹೊತ್ತನ್ನು ಗೊತ್ತುಮಾಡಬಹುದೆಂಬುದು ಈ ವಿಧಾನದ ಮುಖ್ಯವಾದ ಲಾಭ.

ಆದರೂ ಎಲ್ಲವೂ ಇತ್ಯರ್ಥವಾಯಿತೆಂದು ತಿಳಿಯಬಾರದು. ಗುಳ್ಳೆಯು ಗುಂಡಾದುದು, ಅದಕ್ಕೆ ಬೆಳಕಿನ ವಿದ್ಯುತ್ ಕ್ಷೇತ್ರದ ದಿಕ್ಕು ತಿಳಿಯದು. ಹಾಗಾದರೆ ೧೯೯೬ರಲ್ಲಿ ಯೂರಿಯಾದ ಸೂಜಿಗಳು ಆ ದಿಕ್ಕಿಗೇ ಏಕೆ ನಿಂತುವು? ಗುಳ್ಳೆಯ ಸಿದ್ಧಾಂತವು ಇದಕ್ಕೆ ಸುಲಭವಾಗಿ ಉತ್ತರ ಕೊಡಲಾರದು. ಹಳೆಯ ಊಹೆಗೆ ಲೆಕ್ಕವು ಒಗ್ಗದು, ಹೊಸ ಊಹೆಗೆ ಈ ಒಂದು ವೀಕ್ಷಣೆಯು ಒಗ್ಗದು. ಎರಡನ್ನೂ ಮರೆಮಾಚದೆ ಮುಂದಿಟ್ಟುಕೊಂಡು ನಡೆಯುವುದೇ ಶಾಸ್ತ್ರದ ಮಾರ್ಗ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಎರಡು ಮಾತುಗಳನ್ನು ಹೇಳಬಯಸುತ್ತೇವೆ. ಇಲ್ಲಿ ಹೇಳಿದ ಲೇಸರುಗಳು ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲವು, ಅವಕೆಂಪು ಬೆಳಕಂತೂ ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ತಿಳಿದವರ ಮೇಲ್ವಿಚಾರಣೆಯಿಲ್ಲದೆ ಅವುಗಳ ಬಳಿಗೆ ಹೋಗಬಾರದು. ಆದರೆ ಹೈಪೋವಿನ ಪ್ರನಾಳಗಳಿಗೆ ಅಂಥ ಯಂತ್ರವೇನೂ ಬೇಡ. ಪೊಟ್ಯಾಸಿಯಂ ಕ್ಲೋರೈಡಿನ ಬಿಸಿಯಾದ ದ್ರಾವಣವನ್ನು ಎರಡು ಪಾಲು ಮಾಡಿ, ಒಂದನ್ನು ಶೋಧಕ ಕಾಗದದಲ್ಲಿ ಎಚ್ಚರದಿಂದ ಸೋಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಹತ್ತು ಹತ್ತು ಪ್ರನಾಳಗಳಲ್ಲಿ ತುಂಬಿ, ಯಾವುದು ಎಷ್ಟು ಹೊತ್ತಿಗೆ ಹರಳುಗಟ್ಟುವುದೆಂದು ಬರೆದಿಡಲಿ. ಒಂದು ಪ್ರನಾಳವು ಏನನ್ನೂ ಹೇಳಲಾರದು. ಹತ್ತು ಪ್ರನಾಳಗಳು ಏನನ್ನಾದರೂ ಹೇಳಿಯಾವು. ಕಸವೆಂದು ಕಡೆಗಣಿಸುತ್ತಿದ್ದ ದೂಳಿನ ಕಣದಲ್ಲಿಯೇ ಈ ಪ್ರಶ್ನೆಯ ಬೀಗದ ಕೈಯು ಅಡಗಿದ್ದಿತೆಂಬುದನ್ನು ಅವರು ಆ ಹೊತ್ತಿನಲ್ಲಿ ನೆನೆಯಲಿ.